ಎರಡನೆಯ ಊರು

ಮಾರ್ಚ್ 14, 1982, ರವಿವಾರ. ಬನಹಟ್ಟಿ

ನಿನ್ನೆ ಶಾಲೆಗೆ ಜಮಖಂಡಿಯಿಂದ ಪತ್ರ ಬಂತು. ಅಲ್ಲಿಯ ಭಾರತ-ರಶಿಯಾ ಮೈತ್ರಿ ಸಂಘದವರು ಶಿಕ್ಷಕರಿಗಾಗಿ ಏರ್ಪಡಿಸಿದ್ದ ಪ್ರಬಂಧ ಸ್ಪರ್ಧೆಯಲ್ಲಿ ನನ್ನದು ಮೊದಲನೆಯದಂತೆ. ವಿಷಯ ‘ನದಿ ಮತ್ತು ಜನಜೀವನ’. ನಾನು ಕೃಷ್ಣೆಯ ಬಗ್ಗೆ ಹನ್ನೆರಡು ಪುಟ ಬರೆದಿದ್ದೆ. ಬಹುಮಾನ, ಬರುವ ಸಪ್ಟೆಂಬರದಲ್ಲಿ ಎರಡು ವಾರದ ರಶಿಯಾ ಪ್ರವಾಸ. ಮಾಸ್ಕೋ ಎಲ್ಲರಿಗೂ ಇದ್ದದ್ದೇ. ಎರಡನೆಯ ಊರನ್ನು ಮಾತ್ರ ನಾವೇ ಆರಿಸಬೇಕು. ಫಾರ್ಮಿನಲ್ಲಿ ಮೂರು ಹೆಸರು ಅಚ್ಚಾಗಿವೆ: ಲೆನಿನ್‌ಗ್ರಾದ್, ವೊಲ್ಗೊಗ್ರಾದ್, ವೊರೊನೆಝ್. ಒಂದರ ಮುಂದೆ ಗುರುತು ಹಾಕಿ ಜೂನ್ ಹದಿನೈದರೊಳಗೆ ಕೊಡಬೇಕು.

ಯಜಮಾನರು ಇರುವುದು ವೊರೊನೆಝ್‌ನಲ್ಲಿ. ಹೀಗಾಗಿ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೇನೆ.

ಮುಖ್ಯಾಧ್ಯಾಪಕಿ ಪೇಢೆ ಹಂಚಿಸಿದರು. ಶಾಲೆಯ ಸಿಪಾಯಿ ಬೋರವ್ವ ಎರಡು ತೆಗೆದುಕೊಂಡು, “ಕಡೀಕೂ ದೇವರು ಕಣ್ಣು ತೆರದಾ ನೋಡ್ರಿ ಬಾಯಾರ” ಎಂದಳು. ಪ್ರಬಂಧ ಓದಿದವರು ಮೂವರು ತೀರ್ಪುಗಾರರು. ದೇವರ ವಿಷಯ ನನಗೆ ತಿಳಿಯದು.

ಈ ದಿನಚರಿಯಲ್ಲಿ ಇದುವರೆಗೆ ಹವೆ, ಮಳೆ, ತರಗತಿಯ ಹಾಜರಿ ಬಿಟ್ಟರೆ ಹೆಚ್ಚಿನದು ಬರೆದಿಲ್ಲ. ಪ್ರವಾಸ ಮುಗಿಯುವ ತನಕ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕೆಂದಿದ್ದೇನೆ.

ಮಾರ್ಚ್ 15, ಸೋಮವಾರ

ಅತ್ತೆಗೆ ಇಂದು ಹೇಳಿದೆ. ಪಡಸಾಲೆಯಲ್ಲಿ ಕುಳಿತು ರಾಟಿಯ ಮೇಲೆ ನೂಲು ಸುತ್ತುತ್ತಿದ್ದರು. ಕೈ ನಿಲ್ಲಲಿಲ್ಲ.

“ಎಲ್ಲಿಗೆ ಅಂದಿ?”

“ರಶಿಯಾಕ್ಕರಿ ಅತ್ತಿ.”

“ಅಂವನ ಊರಿಗೆ?”

“ಅವರ ಊರಿಗೂ ಹೋಗಬಹುದಂತ.”

ಆಗ ರಾಟಿ ನಿಂತಿತು. ಎದ್ದು ಒಳಗೆ ಹೋದರು. ನೋಡಿದರೆ ಅಡುಗೆಮನೆಯಲ್ಲಿ ಶೇಂಗಾ ಡಬ್ಬಿ ಇಳಿಸುತ್ತಿದ್ದಾರೆ. ಮಗನಿಗೆ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಬೇಕಂತೆ. ಇನ್ನೂ ಆರು ತಿಂಗಳಿದೆ ಎಂದೆ. “ಹಂಗಂದ್ರ ಮೊದಲ ಮೆಣಸಿನಕಾಯಿ ಛಲೋವು ನೋಡಿ ಇಡಬೇಕು” ಎಂದರು.

ನನ್ನ ಮದುವೆಯಾದದ್ದು 1962ರಲ್ಲಿ. ಯಜಮಾನರು ಎಂಜಿನಿಯರಿಂಗ್ ಓದಲು ಸ್ಕಾಲರ್‌ಶಿಪ್ ಮೇಲೆ ವೊರೊನೆಝ್‌ಗೆ ಹೋದದ್ದು 1964ರಲ್ಲಿ. ಅಲ್ಲಿಯೇ ಒಬ್ಬರನ್ನು ಮದುವೆಯಾಗಿರುವುದಾಗಿ, ತಮ್ಮ ದಾರಿ ನೋಡಬಾರದೆಂದು ಬರೆದದ್ದು 1967ರಲ್ಲಿ. ಆಮೇಲೆ ಹೊಸ ವರ್ಷಕ್ಕೊಂದು ಕಾರ್ಡು ತಾಯಿಯ ಹೆಸರಿಗೆ ಬರುತ್ತದೆ. ನಾನು ಮತ್ತೆ ಓದಿ, ಶಿಕ್ಷಕಿಯಾಗಿ, ಈ ಮನೆಯಲ್ಲಿಯೇ ಅತ್ತೆಯ ಜೊತೆ ಇದ್ದೇನೆ. ತವರಿನವರು ಎರಡು ಸಲ ಕರೆಯಲು ಬಂದಿದ್ದರು. ಯಾಕೆ ಹೋಗಲಿಲ್ಲ ಎಂದರೆ ಇಲ್ಲಿ ಕೆಲಸವಿತ್ತು.

ಮಾರ್ಚ್ 21, ರವಿವಾರ

ಮೈದುನ ಈರಪ್ಪ ಬಂದಿದ್ದ. ಹಿಂದಿನ ಓಣಿಯಲ್ಲಿ ಅವನ ಮನೆ, ನಾಲ್ಕು ವಿದ್ಯುತ್ ಮಗ್ಗ. ಈ ಮನೆಯ ಹಿತ್ತಲಿನಲ್ಲಿ ಇನ್ನೂ ನಾಲ್ಕು ಹಾಕುವ ಆಸೆ. ಹಿತ್ತಲು ಅಣ್ಣನ ಪಾಲಿಗೆ ಬಂದದ್ದು, ಅವರ ಸಹಿ ಬೇಕು.

“ವೈನಿ, ನಿಮ್ಮ ಕೈಯಾಗ ಸ್ಟಾಂಪ್ ಪೇಪರ್ ಕೊಡತೀನಿ. ಒಂದ್ ಸಹಿ. ಅಂವಗೇನು ಇನ್ನ ಹಿತ್ತಲಾ ಬೇಕಾಗೇತಿ?”

“ಕೇಳತೀನಿ” ಎಂದೆ.

ಅವರ ಕೈಬರಹ ಈಗ ಹೇಗಿದೆಯೋ ತಿಳಿಯದು. ಕಾರ್ಡುಗಳ ಮೇಲೆ ಎರಡೇ ಸಾಲಿರುತ್ತವೆ.

ಮಾರ್ಚ್ 27, ಶನಿವಾರ

ಮಧ್ಯಾಹ್ನದ ಬಸ್ಸಿಗೆ ಜಮಖಂಡಿಗೆ ಹೋಗಿದ್ದೆ. ಸಂಘದ ಕಾರ್ಯದರ್ಶಿ ಬಸಗೊಂಡಪ್ಪ ವಕೀಲರು. ಆಫೀಸಿನಲ್ಲಿ ಕಾನೂನಿನ ಪುಸ್ತಕಗಳಿಗಿಂತ ರಶಿಯಾದ ಪುಸ್ತಕಗಳೇ ಹೆಚ್ಚು. ಅಲ್ಲಿಗೆ ಒಮ್ಮೆಯೂ ಹೋಗಿಲ್ಲವಂತೆ, ಆದರೆ ಲೆನಿನ್‌ಗ್ರಾದಿನ ಸೇತುವೆಗಳ ಹೆಸರು ಬೆರಳ ತುದಿಯ ಮೇಲಿವೆ.

“ಕಣ್ಣು ಮುಚ್ಚಿ ಲೆನಿನ್‌ಗ್ರಾದ್ ಹಾಕ್ರಿ ಟೀಚರ. ಅರಮನಿ ಅಂದ್ರ ಅರಮನಿ. ಒಂದೊಂದ್ ಚಿತ್ರದ ಮುಂದ ಒಂದ್ ನಿಮಿಷ ನಿಂತ್ರೂ ವರ್ಷಗಟ್ಲೆ ಬೇಕಂತ.”

“ವೊರೊನೆಝ್ ಹೆಂಗೈತ್ರಿ?”

“ಅಲ್ಲೇನೈತ್ರಿ ನೋಡಾಕ? ಕಾರ್ಖಾನಿ, ಕಾಲೇಜು. ನಮ್ಮ ಬಾಗಲಕೋಟಿ ಅನ್ಕೋರಿ.”

ನಾನು ಕಾರಣ ಹೇಳಲಿಲ್ಲ. ಮೂರೂ ಊರಿನ ಚಿಕ್ಕ ಪುಸ್ತಕಗಳನ್ನು ಕೊಟ್ಟರು. ಬಸ್ಸಿನಲ್ಲಿ ವೊಲ್ಗೊಗ್ರಾದಿನದನ್ನು ಓದಿದೆ, ಅದು ಮೇಲೆ ಇದ್ದುದರಿಂದ. ಹಿಂದಿನ ಸ್ಟಾಲಿನ್‌ಗ್ರಾದ್ ಇದೇ. ಯುದ್ಧದಲ್ಲಿ ಪೂರ್ತಿ ನೆಲಸಮವಾಗಿ ಮತ್ತೆ ಕಟ್ಟಿದ ಊರು. ವೋಲ್ಗಾ-ದೋನ್ ಕಾಲುವೆ ಅಲ್ಲಿಂದಲೇ ಶುರುವಾಗುತ್ತದೆ. ಎಂಟನೆಯ ತರಗತಿಗೆ ಪ್ರತಿವರ್ಷ ಈ ಕಾಲುವೆಯನ್ನು ಹೇಳುತ್ತೇನೆ: ಉದ್ದ ನೂರಾ ಒಂದು ಕಿಲೋಮೀಟರು, ಹದಿಮೂರು ಜಲದ್ವಾರಗಳು, ಹಡಗುಗಳು ಮೆಟ್ಟಿಲು ಏರಿದಂತೆ ಏರಿ, ಆಚೆ ಇಳಿಯುತ್ತವೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, “ಬಾಯಾರ, ನೀರು ಇಳಿಜಾರಿಗೆ ಹರೀತೈತಿ, ಹಡಗು ಹೆಂಗ ಏರತೈತ್ರಿ?” ಎಂದು ಕೇಳಿದ್ದಳು. ಪುಸ್ತಕದಲ್ಲಿದ್ದ ವಾಕ್ಯವನ್ನೇ ಮತ್ತೊಮ್ಮೆ ಓದಿ ಹೇಳಿ ಕೂರಿಸಿದ್ದೆ. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಏಪ್ರಿಲ್ 4, ರವಿವಾರ

ಪಾಸ್‌ಪೋರ್ಟಿನ ಅರ್ಜಿ ತುಂಬಿದೆ. ಗಂಡನ ಹೆಸರು: ಚನಮಲ್ಲಪ್ಪ. ವಿಳಾಸವನ್ನು ಹೊಸ ವರ್ಷದ ಕಾರ್ಡಿನಿಂದ ನೋಡಿ ಬರೆದೆ.

ಸಂಜೆ ಅತ್ತೆ ಮಗನಿಗೆ ಪತ್ರ ಬರೆಸಿದರು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕೆಂದು ಕಟ್ಟಪ್ಪಣೆ.

“ಬರಿ. ಚನಮಲ್ಲಪ್ಪಗ ಅವ್ವನ ಆಶೀರ್ವಾದ. ನನ್ನ ಮೊಣಕಾಲು ಬ್ಯಾನಿ. ಈರಪ್ಪಗ ಎರಡು ಗಂಡು ಆಗ್ಯಾವ. ನಿನ್ನ ಹಾಯಾಕ ಬಂದಿದ್ದ ಎಮ್ಮಿ ಸತ್ತು ಎಂಟ್ ವರ್ಷ ಆತು. ಬರದೇನು?”

“ಬರದೆ.”

“ಚಳಿ ಭಾಳ ಅಂತಾರ, ಕಿವಿ ಕಟಗೊಂಡ ಅಡ್ಡಾಡು. ಸಪ್ಟೆಂಬರದಾಗ ರತ್ನಾ ಬರಾಕತ್ತಾಳ. ಆಕಿ ಕೈಯಾಗ ಹಿಂಡಿ ಕಳಸತೀನಿ.” ಆಮೇಲೆ, “ಈಗ ನಿಂದೇನರ ಬರಿ” ಎಂದರು.

ನನ್ನದು ಎಂದು ಒಂದು ಸಾಲು ಬರೆದೆ: ವೊರೊನೆಝ್‌ನಲ್ಲಿ ನನ್ನ ವಾಸ್ತವ್ಯ ಏಳು ದಿನ.

ಏಪ್ರಿಲ್ 23, ಶುಕ್ರವಾರ

ಪಾಸ್‌ಪೋರ್ಟಿನ ತಪಾಸಣೆಗೆ ಪೊಲೀಸ್ ಠಾಣೆಯಿಂದ ಹವಾಲ್ದಾರ ಲಗಮಣ್ಣ ಬಂದಿದ್ದರು. ಚಹಾ ಕುಡಿದು ಕಾಗದ ಬಿಚ್ಚಿದರು.

“ನಿಮ್ಮ ಮಾಲಕರು ಎಲ್ಲಿರ್ತಾರ್ರೀ?”

“ರಶಿಯಾದಾಗ.”

“ನೀವು ಹೊಂಟಿದ್ದು?”

“ರಶಿಯಾಕ್ಕ.”

“ಅಂದ್ರ ಗಂಡನ ಮನಿಗೆ ಹೊಂಟೀರಿ ಅನ್ರಿ. ಅದಕ್ಯಾಕ ತಪಾಸ!”

“ಗಂಡನ ಮನಿ ಇದರಿ. ಈಗ ನೀವು ಕುಂತದ್ದು.”

ಅವರು ಪಡಸಾಲೆಯನ್ನು ಒಮ್ಮೆ ನೋಡಿದರು. ಹಾಗೆ ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. “ಬರೋಬ್ಬರಿ” ಎಂದು ಸಹಿ ಹಾಕಿ ಹೋದರು.

ಮೇ 9, ರವಿವಾರ

ಬೇಸಿಗೆಯ ಸೂಟಿ. ಬಿಸಿಲು ವಿಪರೀತ. ಮೂರು ದಿನದಿಂದ ಒಂದು ಕೆಲಸ ಹಿಡಿದಿದ್ದೇನೆ.

ಕಾಲುವೆಯ ಮೆಟ್ಟಿಲುಗಳ ಚಿತ್ರ ಪುಸ್ತಕದಲ್ಲಿದೆ, ಆದರೆ ನೋಡಿದರೆ ತಿಳಿಯುವುದಿಲ್ಲ. ಮಾಡಿ ನೋಡಬೇಕೆನಿಸಿತು. ಬೋರವ್ವ ಮೂರು ಎಣ್ಣೆ ಡಬ್ಬಿ ತಂದುಕೊಟ್ಟಳು, ತಗಡಿನ ಅಂಗಡಿಯಲ್ಲಿ ಉದ್ದಕ್ಕೆ ಕತ್ತರಿಸಿಕೊಂಡು ಬಂದೆ. ಹಿತ್ತಲಿನ ಕಲ್ಲಿನ ಮೆಟ್ಟಿಲುಗಳ ಮೇಲೆ ಒಂದಕ್ಕಿಂತ ಒಂದು ಎತ್ತರಕ್ಕೆ ಇಟ್ಟು, ನಡುವೆ ಒಡೆದ ಪಾಟಿಯ (ಸ್ಲೇಟಿನ) ಚೂರುಗಳನ್ನು ಬಾಗಿಲು ಮಾಡಿದೆ. ಹಡಗು, ಅರ್ಧ ತೆಂಗಿನ ಚಿಪ್ಪು. ಮೊದಲ ದಿನ ಬಾಗಿಲುಗಳ ಸಂದಿಯಿಂದ ನೀರೆಲ್ಲ ಸೋರಿಹೋಯಿತು. ಮಣ್ಣು ಮೆತ್ತಿದೆ, ಕರಗಿತು. ಎರಡನೆಯ ದಿನ ಹಿಟ್ಟು. ಅದೂ ಕರಗಿ ಇರುವೆ ಬಂದವು.

ಅತ್ತೆ ಎರಡು ದಿನ ಬಾಗಿಲಲ್ಲಿ ಕುಳಿತು ನೋಡಿದರು. ಇಂದು ಎದ್ದು ಹೋಗಿ ಜೇನುಮೇಣದ ಉಂಡೆ ತಂದರು. ಕೆಂಡದ ಮೇಲೆ ಕಾಯಿಸಿ, ಸಂದಿಗಳಿಗೆಲ್ಲ ಬೆರಳಿನಿಂದ ತೀಡಿ, “ಈಗ ಸುರಿ” ಎಂದರು.

ನಿಂತಿತು. ಚಿಪ್ಪನ್ನು ಕೆಳಗಿನ ಡಬ್ಬಿಯಲ್ಲಿ ಬಿಟ್ಟು, ಹಿಂದಿನ ಬಾಗಿಲು ಮುಚ್ಚಿ, ಮೇಲಿನ ಡಬ್ಬಿಯಿಂದ ನೀರು ಬಿಟ್ಟೆ. ಕೆಳಗಿನ ನೀರು ಮೇಲಿನ ನೀರಿನ ಮಟ್ಟಕ್ಕೆ ಬಂದಾಗ ಚಿಪ್ಪೂ ಬಂದಿತ್ತು. ನಡುವಿನ ಬಾಗಿಲು ಎತ್ತಿದರೆ ತಾನಾಗಿ ಆಚೆ ಹೋಯಿತು. ಇಷ್ಟೇ. ಹಡಗು ಏರುವುದಿಲ್ಲ, ಅದರ ಕೆಳಗಿನ ನೀರು ಏರುತ್ತದೆ. ಹನ್ನೆರಡು ವರ್ಷ ನಾನು ಈ ವಾಕ್ಯವನ್ನು ಹೇಳಿರಲಿಲ್ಲ.

ಅತ್ತೆ ನಾಲ್ಕು ಸಲ ಏರಿಸಿ ಇಳಿಸಿ ನೋಡಿದರು. “ಖರೆ ಹಡಗೂ ಹಿಂಗ ಏರತಾವೇನು?”

“ಹೌದ್ರಿ. ಅಲ್ಲಿ ಒಂಬತ್ತು ಮೆಟ್ಟಲಾ ಏರತಾವ, ನಾಕು ಇಳೀತಾವ.”

“ಚನಮಲ್ಲನ ಊರಾಗೇನು?”

“ಅಲ್ಲ. ಅದು ಬ್ಯಾರೆ ಊರು.”

ಅವರು ಕೈಗೆ ಅಂಟಿದ ಮೇಣವನ್ನು ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದರು. ನಾನು ಡಬ್ಬಿಗಳನ್ನು ನೆರಳಿಗೆ ಎತ್ತಿಟ್ಟೆ.

ಜೂನ್ 2, ಬುಧವಾರ

ಚನಮಲ್ಲಪ್ಪನವರ ಪತ್ರ ಬಂತು. ಎರಡು ಹಾಳೆ. ಅತ್ತೆ ಕೈಕಾಲು ತೊಳೆದು ಬಂದು ಕುಳಿತರು. ಓದಿದೆ. ತಾಯಿಯ ಪತ್ರ ಓದಿ ಅತ್ತರಂತೆ. ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿಯ ಹೆಸರು ಗಲೀನಾ, ಲೈಬ್ರರಿಯಲ್ಲಿದ್ದಾರೆ. ಹದಿಮೂರು ವರ್ಷದ ಮಗಳು, ಒಂಬತ್ತರ ಮಗ. ರತ್ನಾ ಬರುವುದು ಸಂತೋಷ. ಹಿಂಡಿಯ ಜೊತೆ ಅವ್ವನ ಒಂದು ಫೋಟೋ ಬೇಕು.

ಒಂದು ಸಾಲು ಓದಲಿಲ್ಲ. ಅದು ಹೀಗಿದೆ: “ಮನೆಯವರೆಲ್ಲರ ಹಳೆಯ ಫೋಟೋ ನೋಡಿ ಗಲೀನಾ ಕೇಳಿದಾಗ ನೀನು ನನ್ನ ತಂಗಿ ಎಂದು ಹೇಳಿದ್ದೆ, ಮಕ್ಕಳಿಗೂ ಅದೇ ಗೊತ್ತು, ಬಂದಾಗ ದಯವಿಟ್ಟು ಹಾಗೆಯೇ ನಡೆದುಕೊಳ್ಳಬೇಕು.”

“ಆತೇನು?” ಎಂದರು ಅತ್ತೆ.

“ಆತು.”

“ನಡುವ ಒಂದ್ ಸಾಲು ನುಂಗಿದಿ.”

ಓದು ಬಾರದವರಿಗೆ ಇದು ಹೇಗೆ ತಿಳಿಯುತ್ತದೆಯೋ. ಓದಿ ಹೇಳಿದೆ. ರಾತ್ರಿ ಇಬ್ಬರೂ ಊಟ ಮಾಡಿದೆವು.

ಜೂನ್ 3, ಗುರುವಾರ

ಶಾಲೆ ಶುರು. ಎಂಟನೆಯ ತರಗತಿಯಲ್ಲಿ 52.

ಜೂನ್ 5, ಶನಿವಾರ

ಅತ್ತೆ ಮೂರು ದಿನದ ಮೇಲೆ ಆ ಮಾತು ತೆಗೆದರು. ನಾನು ಅಕ್ಕಿ ಆರಿಸುತ್ತಿದ್ದೆ.

“ರತ್ನಾ, ತಂಗಿ ಅಂತನs ಹೋಗಿ ಬಾರವಾ. ಒಂದ್ ವಾರದ ಮಾತು. ನಾ ಅಂವನ ಮಾರಿ ನೋಡಲಾರದs ಹದಿನೆಂಟ್ ವರ್ಷ ಆತು. ಇನ್ನೇನ್ ನೋಡತೀನಿ? ನಿನ್ನ ಕಣ್ಣಿಲೆ ನೋಡತೀನಿ. ಮಮ್ಮಕ್ಕಳು ಹೆಂಗದಾವಂತ ನೀ ಬಂದು ಹೇಳು, ಅಷ್ಟು ಸಾಕು.”

“ಹೂಂ” ಎಂದೆ.

ತಪ್ಪೇನಿಲ್ಲ. ಹದಿನೆಂಟು ವರ್ಷದಲ್ಲಿ ಅವರು ನನ್ನಿಂದ ಬೇಡಿದ್ದು ಇದೊಂದೇ. ಇದರಲ್ಲಿ ನನಗೆ ಕಳೆದುಹೋಗುವುದೂ ಏನಿಲ್ಲ. ತಂಗಿ ಎಂದರೆ ತಂಗಿ.

ಜೂನ್ 9, ಬುಧವಾರ

ಮಳೆಯಿಲ್ಲ. ಮಾತಾಡುವಂಥದ್ದೂ ಏನಿಲ್ಲ.

ಜೂನ್ 15, ಮಂಗಳವಾರ

ಕೊನೆಯ ದಿನ. ಅರ್ಧ ದಿನ ರಜೆ ಹಾಕಿ ಜಮಖಂಡಿಗೆ ಹೋಗಿ ಫಾರ್ಮು ಕೊಟ್ಟೆ. ಬಸಗೊಂಡಪ್ಪನವರು ಕನ್ನಡಕ ಏರಿಸಿ ನೋಡಿದರು.

“ಟೀಚರ, ಪೆನ್ಸಿಲ್ ನಡೆಯಂಗಿಲ್ಲ. ಶಾಯಿಯಿಂದ ಹಾಕ್ರಿ.” ತಮ್ಮ ಪೆನ್ನನ್ನೇ ಕೊಟ್ಟರು.

ನಾನು ರಬ್ಬರ್ ಇದೆಯೇ ಎಂದು ಕೇಳಿದೆ. ಯಾಕೆ ಕೇಳಿದೆ ಎಂದು ಗೊತ್ತಿಲ್ಲ. ಪೆನ್ಸಿಲಿನ ಗುರುತಿನ ಮೇಲೆಯೇ ಶಾಯಿ ಹಾಕಿದ್ದರೆ ಆಗುತ್ತಿತ್ತು. ಅವರು ಖಾನೆಗಳನ್ನೆಲ್ಲ ಎಳೆದು ಹುಡುಕಿ ಕೊಟ್ಟರು. ಅಳಿಸಿದೆ. ಮೂರು ತಿಂಗಳ ಗುರುತು, ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ವೊಲ್ಗೊಗ್ರಾದ್ ಮುಂದೆ ಗುರುತು ಹಾಕಿ ಸಹಿ ಮಾಡಿದೆ.

“ಲೆನಿನ್‌ಗ್ರಾದ್ ಅಲ್ಲೇನ್ರಿ?” ಎಂದರು, ತಮ್ಮದೇ ಏನೋ ಕಳೆದವರ ಹಾಗೆ. “ಯುದ್ಧದ ಸ್ಮಾರಕದ ಗುಡ್ಡಾ ನೋಡೂದೈತೇನು?”

“ಇಲ್ಲರಿ. ಕಾಲುವಿ.”

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ಇಟ್ಟುಕೊಳ್ಳುವ ವಿಷಯವಲ್ಲ.

“ಅಂವನ ಊರಿಗೆ ಹೋಗೂದಿಲ್ಲರಿ. ಬ್ಯಾರೆ ಊರು ಬರದ ಕೊಟ್ಟು ಬಂದೆ.”

“ಯಾವೂರು?”

“ಆ ನೀರಿನ ಮೆಟ್ಟಲಾ ಇರೂವೂರು.”

ಅವರ ದನಿ ಓಣಿಯ ತುದಿಗೆ ಕೇಳಿರಬೇಕು. “ನನ್ನ ಮಗನ ಮಾರಿ ಬ್ಯಾಡಾತು, ನೀರು ನೋಡೂದು ಬೇಕಾತು ನಿನಗ? ನೀರು ಇಲ್ಲಿ ಹೊಳ್ಯಾಗ ಇದ್ದಿಲ್ಲೇನು? ಹೂಂ ಅಂದಿದ್ದೆಲ್ಲ ನನ್ನ ಮುಂದ, ಹೂಂ ಅಂದಿದ್ದಿಲ್ಲ?”

“ಅಂದಿದ್ದೆ. ನನ್ನ ಕೈಲೆ ಆಗಲಿಲ್ಲ.”

ಕತ್ತಲಾಗುವುದರೊಳಗೆ ಎರಡು ಸೀರೆ, ಕೌದಿ ಸುತ್ತಿಕೊಂಡು ಈರಪ್ಪನ ಮನೆಗೆ ಹೋದರು. ರಾಟಿಯನ್ನು ಈರಪ್ಪನೇ ಬಂದು ಒಯ್ದ. ಹೋಗುವಾಗ, “ನಮ್ಮ ಹಿತ್ತಲದ್ದರ ವಿಚಾರ ಮಾಡಬೇಕಿತ್ತು ವೈನಿ” ಎಂದ.

ಜೂನ್ 20, ರವಿವಾರ

ಅತ್ತೆ ಬಂದಿಲ್ಲ. ಒಬ್ಬಳಿಗೆ ಅಡುಗೆ ಮಾಡಲು ಅಳತೆ ತಪ್ಪುತ್ತದೆ.

ಜೂನ್ 27, ರವಿವಾರ

ಬಂದಿಲ್ಲ. ಮಳೆ ಒಂದು ಇಂಚು.

ಜುಲೈ 11, ರವಿವಾರ

ನಿನ್ನೆ ವಕೀಲರು ಪ್ರವಾಸದ ವೇಳಾಪಟ್ಟಿ ಕೊಟ್ಟರು. ಮಾಸ್ಕೋದ ಹೋಟೆಲಿನ ಹೆಸರು, ದಿನಾಂಕ ಎಲ್ಲ ಇವೆ. ಇಂದು ಚನಮಲ್ಲಪ್ಪನಿಗೆ ಪತ್ರ ಬರೆದೆ.

“ವೊರೊನೆಝ್‌ಗೆ ಬರುವುದಿಲ್ಲ. ಸಪ್ಟೆಂಬರ್ 16ರಂದು ಮಧ್ಯಾಹ್ನ ಮಾಸ್ಕೋದ ಹೋಟೆಲಿನಲ್ಲಿ ಇರುತ್ತೇನೆ. ಅತ್ತೆಯ ಗಂಟು ನನ್ನ ಹತ್ತಿರ ಇರುತ್ತದೆ, ಬಂದು ತೆಗೆದುಕೊಂಡು ಹೋಗುವುದು. ಯಾರ ಜೊತೆ ಬಂದರೂ ಅಭ್ಯಂತರವಿಲ್ಲ. ನಾನು ತಂಗಿ ಎಂದು ಹೇಳುವುದಿಲ್ಲ, ಹೆಂಡತಿ ಎಂದೂ ಹೇಳುವುದಿಲ್ಲ. ಕೇಳಿದರೆ ಬನಹಟ್ಟಿಯ ಶಿಕ್ಷಕಿ ಎನ್ನುತ್ತೇನೆ.”

ಒಮ್ಮೆ ಓದಿ ನೋಡಿದೆ. ತಿದ್ದುವಂಥ ತಪ್ಪುಗಳಿರಲಿಲ್ಲ. ಅದರ ಒಕ್ಕಣೆಯನ್ನು ಈರಪ್ಪನಿಗೆ ಹೇಳಿ, ಅತ್ತೆಗೆ ತಿಳಿಸಲು ಹೇಳಿದೆ.

ಆಗಸ್ಟ್ 19, ಗುರುವಾರ

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಸಿಟ್ಟು ಬಂದವಳ ಹಾಗೆ ಇದ್ದೇನೆ. ಬೋರವ್ವ ನೋಡಿ, “ಹಿಂಗs ಇರ್ರಿ. ಪರದೇಶದಾಗ ಯಾರೂ ಮೈಮ್ಯಾಲ ಬರೂದಿಲ್ಲ” ಎಂದಳು.

ಎಂಟನೆಯ ತರಗತಿಗೆ ಡಬ್ಬಿಗಳನ್ನು ಒಯ್ದು ತೋರಿಸಿದೆ. ಒಂದು ಪಿರಿಯಡ್ ಸಾಲಲಿಲ್ಲ, ಹಿಂದಿ ಶಿಕ್ಷಕಿಯ ಪಿರಿಯಡ್ ಕೇಳಿ ಪಡೆದೆ. ಅವರೂ ಕುಳಿತು ನೋಡಿದರು.

ಸಪ್ಟೆಂಬರ್ 9, ಗುರುವಾರ

ನಾಳೆ ಹೊರಡುವುದು. ಈರಪ್ಪ ಗಂಟು ತಂದುಕೊಟ್ಟ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಕೈಮಗ್ಗದ ಪಂಜೆ, ಫೋಟೋ. ಫೋಟೋ ತೆಗೆಸಲು ಅತ್ತೆ ರಬಕವಿಗೆ ಹೋಗಿದ್ದರಂತೆ. ಜೊತೆಗೆ ಸ್ಟಾಂಪ್ ಪೇಪರ್.

“ಅವ್ವ ಏನರ ಅಂದಳೇನು?”

“ಏನೂ ಅಂದಿಲ್ಲ ವೈನಿ. ಹಿಂಡಿ ಸೋರಬಾರದಂತ ಮೂರ್ ಸುತ್ತು ಅರಬಿ ಸುತ್ಯಾಳ.”

ಸಪ್ಟೆಂಬರ್ 16, ಗುರುವಾರ. ಮಾಸ್ಕೋ

ನಾಲ್ಕು ದಿನದಿಂದ ನೋಡಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಶಾಲೆಗಾಗಿ. ಇಂದಿನದು ಇಲ್ಲಿ.

ಚನಮಲ್ಲಪ್ಪ ಬಂದಿದ್ದ. ರಾತ್ರಿಯ ರೈಲು ಹಿಡಿದು, ಒಬ್ಬನೇ. ಹೋಟೆಲಿನ ಕೆಳಗಿನ ಹಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಗುರುತು ಹಿಡಿಯಲಿಲ್ಲ, ಅವನೇ ಹಿಡಿದ. ಸೀರೆ ಉಟ್ಟವಳು ಅಲ್ಲಿ ನಾನೊಬ್ಬಳೇ ಇದ್ದೆ. ತಲೆ ಮುಕ್ಕಾಲು ಬೋಳು, ಹೊಟ್ಟೆ ಬಂದಿದೆ, ಕಣ್ಣು ಅತ್ತೆಯವು.

“ಅಡ್ಡಿಯಿಲ್ಲ, ನೀ ಹಂಗs ಅದಿ” ಎಂದ. ಅವನ ಮಾತು ಹದಿನೆಂಟು ವರ್ಷದ ಹಿಂದಿನ ಬನಹಟ್ಟಿಯ ಮಾತು. ಈಗ ಊರಲ್ಲಿ ಮುದುಕರು ಮಾತ್ರ ಆಡುವ ಶಬ್ದಗಳಿವೆ. ನಡುನಡುವೆ ಶಬ್ದ ಸಿಗದೆ ತಡೆಯುತ್ತಿದ್ದ, ನಾನು ಒದಗಿಸುತ್ತಿದ್ದೆ.

“ಗಲೀನಾ ನಿನ್ನ ಸಲುವಾಗಿ ಅಡಗಿ ಮಾಡಬೇಕಂತಿದ್ದಳು. ಯಾಕ ಬರಲಿಲ್ಲ?”

“ನನಗ ವೊಲ್ಗೊಗ್ರಾದಿನ ಕಾಲುವಿ ನೋಡೂದಿತ್ತು.”

“ಕಾಲುವಿ?” ಎಂದು ಕಾದ. ಮುಂದೆ ಇನ್ನೇನೋ ಇದೆ ಎಂದುಕೊಂಡಿರಬೇಕು. ಇರಲಿಲ್ಲ.

ಗಂಟು ಕೊಟ್ಟೆ. ಅಲ್ಲೇ ಬಿಚ್ಚಿ ಹಿಂಡಿಗೆ ಮೂಗು ಇಟ್ಟ, ಸೀನಿದ, ಆಮೇಲೆ ಸೀನಿಗಾಗಿ ಅಲ್ಲದೆಯೂ ಕಣ್ಣು ಒರೆಸಿಕೊಂಡ. ಫೋಟೋವನ್ನು ಬಹಳ ಹೊತ್ತು ನೋಡಿದ. “ನಾ ನಿನಗ ಮಾಡಿದ್ದು...” ಎಂದು ಶುರು ಮಾಡಿದ. ನಾನು ಹಾಳೆ ಪೆನ್ನು ಮುಂದಿಟ್ಟೆ.

“ಅದನ್ನ ನನ್ನ ಮುಂದ ಹೇಳೂದು ಬ್ಯಾಡ. ಅವ್ವಗ ಒಂದ್ ಪತ್ರಾ ಬರಿ. ಕಾರ್ಡಿನ್ಯಾಗಿಂದಂಗ ಎರಡ್ ಸಾಲು ಅಲ್ಲ, ಪೂರಾ ಪತ್ರಾ. ನಾ ಕುಂದರತೀನಿ.”

ಬರೆದ. ಒಂದು ಗಂಟೆ ಹಿಡಿಯಿತು. ಮುಗಿಸಿ ನನ್ನ ಕಡೆ ಸರಿಸಿದ. ಮೊದಲ ಶಬ್ದದಲ್ಲೇ ತಪ್ಪಿತ್ತು: ‘ಅವ’ ಎಂದು ಬರೆದಿದ್ದ. ‘ಅವ್ವ’ದ ಒತ್ತು ಮರೆತುಹೋಗಿದೆ. ಇಡೀ ಪತ್ರದಲ್ಲಿ ಎಂಟು ಕಡೆ ಹಾಗೆ.

“ವಕಾರಕ್ಕ ಒತ್ತು ಕೊಡು” ಎಂದೆ.

ಕೊಟ್ಟ. ಎಂಟೂ ಕಡೆ. ಶಾಲೆಯ ಹುಡುಗಿಯರ ಹಾಗೆ ನಾಲಿಗೆಯನ್ನು ತುಟಿಯ ತುದಿಯಲ್ಲಿ ಹಿಡಿದುಕೊಂಡಿದ್ದ. ಆಗ ನನಗೆ ಇವನ ಮೇಲೆ ಸಿಟ್ಟಿಲ್ಲ ಎಂಬುದು ಗೊತ್ತಾಯಿತು. ಯಾವಾಗ ಹೋಯಿತೋ, ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ಸ್ಟಾಂಪ್ ಪೇಪರಿಗೆ ಓದದೆಯೇ ಸಹಿ ಮಾಡಿದ, ರೂಢಿಯಂತೆ ರಶಿಯನ್ ಅಕ್ಷರದಲ್ಲಿ. ನೋಡಿ ಇಬ್ಬರೂ ನಕ್ಕೆವು. ಕೆಳಗೆ ಕನ್ನಡದಲ್ಲಿ ಇನ್ನೊಂದು ಮಾಡಿಸಿದೆ. ಮಕ್ಕಳ ಫೋಟೋ ಕೊಟ್ಟ. ಐದು ಗಂಟೆಗೆ ಹೋದ. ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿದ, ಬೇರೆ ಏನು ಮಾಡಬೇಕೆಂದು ತಿಳಿಯದೆ. ನಾನೂ ಮಾಡಿದೆ.

ಸಪ್ಟೆಂಬರ್ 20, ಸೋಮವಾರ. ವೊಲ್ಗೊಗ್ರಾದ್

ಬೆಳಿಗ್ಗೆ ಒಂದನೆಯ ಜಲದ್ವಾರಕ್ಕೆ ಕರೆದೊಯ್ದರು. ಉಳಿದವರಿಗೆ ಅರ್ಧ ಗಂಟೆ ಸಾಕಾಯಿತು. ನಾನು ಇನ್ನೂ ಇರುತ್ತೇನೆಂದೆ. ದುಭಾಷಿ ಹುಡುಗಿ ಜೊತೆಗೆ ನಿಂತಳು. ಮರದ ದಿಮ್ಮಿ ತುಂಬಿದ ಹಡಗೊಂದು ಒಳಗೆ ಬಂತು, ಹಿಂದೆ ಬಾಗಿಲು ಮುಚ್ಚಿತು. ಡೆಕ್ಕಿನ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಮೊದಲು ಅವಳ ತಲೆ ನಮ್ಮ ಕಾಲಿಗಿಂತ ಎಷ್ಟೋ ಕೆಳಗಿತ್ತು. ಸದ್ದಿಲ್ಲದೆ ಏರುತ್ತ ಬಂದಳು. ನಮ್ಮ ಮುಖಕ್ಕೆ ಮುಖವಾದಾಗ ಅವಳ ಕೈಯಲ್ಲಿ ಕೊನೆಯ ಅಂಗಿ ಇತ್ತು. ನನ್ನನ್ನು ನೋಡಿ ಏನೋ ಕೇಳಿದಳು.

“ಎಲ್ಲಿಯವರು ಅಂತ ಕೇಳುತ್ತಿದ್ದಾಳೆ” ಎಂದು ದುಭಾಷಿ ಇಂಗ್ಲಿಷಿನಲ್ಲಿ ಹೇಳಿದಳು.

“ಬನಹಟ್ಟಿ” ಎಂದೆ. ಅದು ದುಭಾಷಿಗೂ ತಿಳಿಯಲಿಲ್ಲ, ಹಾಗೆಯೇ ದಾಟಿಸಿದಳು. ಆ ಹೆಂಗಸು ಗೊತ್ತಿರುವ ಊರಿನ ಹಾಗೆ ತಲೆಯಾಡಿಸಿದಳು. ಮುಂದಿನ ಬಾಗಿಲು ತೆರೆಯಿತು, ಹೋದರು.

ಐದು ಹಡಗು ನೋಡಿದೆ. ಮಧ್ಯಾಹ್ನದ ಊಟ ತಪ್ಪಿತು.

ಅಕ್ಟೋಬರ್ 2, ಶನಿವಾರ. ಬನಹಟ್ಟಿ

ನಿನ್ನೆ ಬಂದೆ. ಇಂದು ಸೂಟಿ. ಬೆಳಿಗ್ಗೆ ಅತ್ತೆ ಬಂದರು. ಹೊಸ್ತಿಲ ಹೊರಗೇ ನಿಂತು, “ಬಂದಿದ್ದನೇನು?” ಎಂದರು.

“ಬಂದಿದ್ದ.”

ಒಳಗೆ ಬಂದು ಕುಳಿತರು. ಪತ್ರ ಓದಿದೆ, ಎರಡು ಸಲ. ಮಮ್ಮಕ್ಕಳ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಹುಡುಗಿಯ ಮೂಗು ತಮ್ಮ ತವರಿನದು ಎಂದರು.

“ಸೊರಗ್ಯಾನೇನು?”

“ಇಲ್ಲ. ಹೊಟ್ಟಿ ಬಂದೈತಿ.”

ನಗಲು ಹೋಗಿ ಅತ್ತರು. ನಾನು ನೀರು ಕೊಟ್ಟೆ. ಕುಡಿದು, ಮುಖ ಒರೆಸಿಕೊಂಡು, “ಆದ್ರ ನೀ ಮಾಡಿದ್ದು ಛಲೋ ಆಗಲಿಲ್ಲ ರತ್ನಾ. ಮಕ್ಕಳನ್ನ ಮುಟ್ಟಿ ಬರಬಹುದಿತ್ತು. ಅದನ್ನ ನಾ ಮರೆಯೂದಿಲ್ಲ” ಎಂದರು.

“ಮರೀಬ್ಯಾಡ್ರಿ” ಎಂದೆ.

ಪತ್ರ, ಫೋಟೋ ಸೆರಗಿನಲ್ಲಿ ಕಟ್ಟಿಕೊಂಡು ಈರಪ್ಪನ ಮನೆಗೆ ಹೋದರು.

ಅಕ್ಟೋಬರ್ 6, ಬುಧವಾರ

ಶಾಲೆಯಿಂದ ಬಂದರೆ ಅತ್ತೆ ಪಡಸಾಲೆಯಲ್ಲಿ ಇದ್ದರು. ಕೌದಿ ಹಾಸಿತ್ತು, ರಾಟಿ ಬಂದಿತ್ತು.

“ಈರಪ್ಪನ ಮನ್ಯಾಗ ಮಗ್ಗದ ಸಪ್ಪಳ. ನಿದ್ದಿ ಬರೂದಿಲ್ಲ” ಎಂದರು.

ಬರುವ ತಿಂಗಳು ನಮ್ಮ ಹಿತ್ತಲಿಗೂ ನಾಲ್ಕು ಮಗ್ಗ ಬರಲಿವೆ ಎಂದು ನಾನು ನೆನಪಿಸಲಿಲ್ಲ. ಇಬ್ಬರಿಗೆ ರೊಟ್ಟಿ ಬಡಿದೆ.

ಅಕ್ಟೋಬರ್ 10, ರವಿವಾರ

ಉಂಡು ಕುಳಿತಾಗ ಅತ್ತೆ ಕೇಳಿದರು. “ಅಷ್ಟ ದೂರ ಒಬ್ಬಾಕಿನs ಹೋಗುವಾಗ ಅಂಜಿಕಿ ಬರಲಿಲ್ಲೇನು?”

“ಮುಂಬೈಯಾಗ ವಿಮಾನ ಏರೂತನಕ ಬಂತು. ಆಮ್ಯಾಲ ಇಳಿಯಾಕ ಬರೂದಿಲ್ಲಲ್ಲ.”

ಸ್ವಲ್ಪ ಹೊತ್ತು ನೂಲು ಸುತ್ತಿದರು. “ನಾ ಮೂಡಣಕ್ಕ ಜಮಖಂಡಿ, ಪಡುವಣಕ್ಕ ತೇರದಾಳ. ಅದರಾಚೆ ಹೋದಾಕಿ ಅಲ್ಲ.”

“ಹೋಗೂಣೇನು? ದೀಪಾವಳಿಗೆ ಸೂಟಿ ಐತಿ. ಯಾವೂರು ನೋಡತೀರಿ ಹೇಳ್ರಿ.”

“ನಾ ಏನ್ ಹೇಳಲಿ? ನೀನs ಹೇಳು.”

“ನಾ ಹೇಳೂದಿಲ್ಲ. ನೀವs ಆರಿಸ್ರಿ.”

ಯಲ್ಲಮ್ಮನ ಗುಡ್ಡವೋ ಪಂಢರಪುರವೋ ಎನ್ನುತ್ತಾರೆಂದುಕೊಂಡೆ. ರಾಟಿ ಮೂಲೆಗಿಟ್ಟು ಮಲಗಿದರು.

ಅಕ್ಟೋಬರ್ 12, ಮಂಗಳವಾರ

ಎರಡು ದಿನ ಯೋಚಿಸಿದರು. ಇಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಕೂಗಿದರು.

“ಪುಣೆ.”

“ಪುಣೆದಾಗ ಏನೈತ್ರಿ ಅತ್ತಿ?”

“ನಮ್ಮ ಸೀರಿ ಅಲ್ಲಿಗೆ ಹೋಗತಾವಂತ. ಐವತ್ತ್ ವರ್ಷ ಸುತ್ತೀನಿ, ನೇಯ್ದೀನಿ. ಉಟ್ಟವರನ್ನ ಒಬ್ಬರನ್ನೂ ನೋಡಿಲ್ಲ. ಒಂದ್ ದಿನ ಪ್ಯಾಟ್ಯಾಗ ಕುಂತು ನೋಡಬೇಕು.”

ಕುಡಚಿಯಿಂದ ರೈಲು. ಮೀರಜದಲ್ಲಿ ಗಾಡಿ ಬದಲಿಸಬೇಕು. ಮೊಣಕಾಲು ನೋವಿನವರು ಮೆಟ್ಟಿಲು ಹತ್ತದೆ ಆಚೆ ಪ್ಲಾಟ್‌ಫಾರ್ಮಿಗೆ ಹೋಗಲು ದಾರಿ ಇದೆಯೇ ಎಂದು ಅಲ್ಲಿಯ ಸ್ಟೇಶನ್ ಮಾಸ್ತರರಿಗೆ ಕಾರ್ಡು ಬರೆದು ಹಾಕಿದೆ.